ತಂಬೂರಿ ಕೊಡುವ ತೀರ್ಪು

ಮ್ಯೂಸಿಕ್ ಪ್ಲೇಯರ್ ಕೊಳ್ಳಲು ಹೊರಟವರು ಅಂಗಡಿಯವರು ಹಾಕಿ ಕೇಳಿಸುವ ಹಾಡನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಯಾವ ಯಂತ್ರದಲ್ಲೂ ಸೊಗಸಾಗಿ ಕೇಳಲಿ ಎಂದೇ ಆ ಹಾಡನ್ನು ಆರಿಸಿರುತ್ತಾರೆ. ನಿಮ್ಮದೇ ಮೆಮರಿ ಕಾರ್ಡಿನಲ್ಲಿ ಒಂದು ಕಛೇರಿಯ ಧ್ವನಿಮುದ್ರಣ ಒಯ್ಯಿರಿ. ಅದು ಸಿ.ಡಿ.ಯಿಂದ ನೇರವಾಗಿ ಇಳಿಸಿಕೊಂಡದ್ದಾಗಿರಲಿ. ಆಲಾಪನೆ ಒಂದು ಟ್ರ್ಯಾಕು, ಕೃತಿ ಒಂದು, ತನಿ ಆವರ್ತನ ಇನ್ನೊಂದು ಎಂದು ತುಂಡಾಗಿರಲಿ. ಹಿಂದೆ ನಿಜವಾದ ತಂಬೂರಿ ಮೀಟುತ್ತಿರಬೇಕು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆ ಮನೆಮನೆಗೂ ಮುಟ್ಟಿಸಿದ ಎಲೆಕ್ಟ್ರಾನಿಕ್ ತಂಬೂರಿ ಹಾಡುವವರಿಗೆ ದೊಡ್ಡ ಉಪಕಾರ. ಆದರೆ ಯಂತ್ರವನ್ನು ಪರೀಕ್ಷಿಸಲು ಯಂತ್ರದ ಶ್ರುತಿ ಸಾಲದು.

ತಂಬೂರಿಯೇ ಏಕೆ? ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸಿದ ನೂಲೆಳೆಯಿಂದಾಗಿ ಒಂದೊಂದು ಮೀಟಿಗೂ ಹತ್ತಾರು ಉಪಸ್ವರಗಳು ಒಂದರ ಬೆನ್ನಿಗೊಂದು ಏಳುತ್ತವೆ. ಶ್ರುತಿ ಚೆನ್ನಾಗಿ ಕೂಡಿದ್ದರೆ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳುತ್ತದೆ. ಸದ್ದು ಸಣ್ಣದು, ಒಳಗಿನ ಓಡಾಟ ಬಹಳ. ಎಂಪಿ3ಯ ಲೆಕ್ಕಾಚಾರ ಇದಕ್ಕೆ ವಿರುದ್ಧ ದಿಕ್ಕಿನದು. ದೊಡ್ಡ ಸದ್ದಿನ ಮರೆಗೆ ಬಿದ್ದ ಸಣ್ಣ ಸದ್ದು ಕಿವಿಗೆ ತಿಳಿಯದು, ಆದ್ದರಿಂದ ಅದನ್ನು ಬಿಟ್ಟರೆ ನಷ್ಟವಿಲ್ಲ ಎನ್ನುವುದು ಅದರ ಬುನಾದಿ. ಜರ್ಮನಿಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಅದನ್ನು ತಿದ್ದಿ ತೀಡಲು ಸುಜಾನ್ ವೇಗಾ ಪಕ್ಕವಾದ್ಯವಿಲ್ಲದೆ ಹಾಡಿದ ‘ಟಾಮ್ಸ್ ಡೈನರ್’ ಅನ್ನು ಮತ್ತೆ ಮತ್ತೆ ಕೇಳಿದ್ದು ಪ್ರಸಿದ್ಧ ಕಥೆ. ಒಂಟಿ ಕಂಠಕ್ಕೆ ಅದು ಒಗ್ಗಿತು. ನಮ್ಮ ಸಂಗೀತದಲ್ಲಿ ಕಂಠದ ಹಿಂದೆ ಎಡೆಬಿಡದೆ ಶ್ರುತಿ ಇದೆ. 128 ಕೆಬಿಪಿಎಸ್ ಎಂಪಿ3ಯಲ್ಲಿ ಗಾಂಧಾರವೇನೋ ಉಳಿಯುತ್ತದೆ, ಅದರ ಮೇಲಿನ ಝೇಂಕಾರ ಮಾತ್ರ ಬಿಟ್ಟುಬಿಟ್ಟು ತೊದಲುತ್ತದೆ. ಹಾಡುವವರು ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ಕಿವಿಗೊಟ್ಟರೆ ಗೊತ್ತಾಗುತ್ತದೆ.

ಎರಡನೆಯ ಪರೀಕ್ಷೆ ಖಂಜಿರ, ಘಟ, ತಬಲಾದ್ದು. ಎಂಪಿ3 ಸದ್ದನ್ನು 1152 ಮಾದರಿಗಳ ಕಂತುಗಳಾಗಿ ಕತ್ತರಿಸಿಕೊಳ್ಳುತ್ತದೆ, ಸಿ.ಡಿ. ವೇಗದಲ್ಲಿ ಒಂದು ಕಂತು ಸುಮಾರು 26 ಮಿಲಿಸೆಕೆಂಡು. ಕಂತಿನ ನಡುವೆ ತಟ್ಟನೆ ಪೆಟ್ಟು ಬಿದ್ದರೆ, ಕುಗ್ಗಿಸುವಾಗ ಹುಟ್ಟಿದ ಕೊಳೆ ಸದ್ದು ಪೆಟ್ಟಿಗಿಂತ ಮುಂಚಿನ ಜಾಗಕ್ಕೂ ಹರಡುತ್ತದೆ. ಪೆಟ್ಟು ಬೀಳುವ ಮೊದಲೇ ಅದರ ನೆರಳು ಬಂದುಬಿಡುತ್ತದೆ. ಪೆಟ್ಟಿನ ಹಿಂದೆ ಬಂದದ್ದನ್ನು ಕಿವಿ ಮನ್ನಿಸುತ್ತದೆ, ಮುಂದೆ ಬಂದದ್ದನ್ನು ಕೆಲವೇ ಮಿಲಿಸೆಕೆಂಡು ಮಾತ್ರ ತಾಳಿಕೊಳ್ಳುತ್ತದೆ. ಇದನ್ನು ತಡೆಯಲು ಕಂತನ್ನು ಚಿಕ್ಕದು ಮಾಡಿಕೊಳ್ಳುವ ಉಪಾಯ ಎಂಪಿ3ಯಲ್ಲೇ ಇದೆ. ಬಿಟ್ ದರ ಕಡಿಮೆಯಾದಾಗ ಅದೂ ಸೋಲುತ್ತದೆ, ಚಾಪಿನ ಅಂಚು ಮೊಂಡಾಗುತ್ತದೆ.

ಹಾಗೆಂದು ಎಂಪಿ3ಯನ್ನು ಜರೆಯುವುದು ನನ್ನ ಉದ್ದೇಶವಲ್ಲ. 1998ರಲ್ಲಿ ಕೊರಿಯಾದ ಸೇಹನ್ ಕಂಪನಿ ತಂದ ಎಂಪಿಮ್ಯಾನ್‌ನಲ್ಲಿ ಇದ್ದದ್ದು 32 ಎಂಬಿ ಜಾಗ. 128ರ ದರದಲ್ಲಿ ಅರ್ಧ ಗಂಟೆಯ ಸಂಗೀತ. ಒಂದು ವಿಸ್ತಾರವಾದ ರಾಗಂ-ತಾನಂ-ಪಲ್ಲವಿ ಅದರಲ್ಲಿ ಹಿಡಿಯುತ್ತಿರಲಿಲ್ಲ. ಆಗ ಕುಗ್ಗಿಸದೆ ಗತಿಯಿರಲಿಲ್ಲ. ಇಂದು 256 ಅಥವಾ 320ರಲ್ಲಿ ಶ್ರದ್ಧೆಯಿಂದ ಮಾಡಿದ ಎಂಪಿ3ಗೂ ಸಿ.ಡಿ.ಗೂ ಇರುವ ವ್ಯತ್ಯಾಸವನ್ನು ಹೆಸರು ಮುಚ್ಚಿಟ್ಟು ಕೇಳಿಸಿದಾಗ ಗುರುತಿಸುವವರು ಬಹಳ ವಿರಳ. ಹೀಗೆ ಕೇಳಿ ನೋಡುವಾಗ ಎರಡರ ಸದ್ದಿನ ಮಟ್ಟ ಒಂದೇ ಇರುವಂತೆ ನೋಡಿಕೊಳ್ಳಿ. ಕೂದಲೆಳೆಯಷ್ಟು ಜೋರಾಗಿರುವುದೇ ಕಿವಿಗೆ ‘ಉತ್ತಮ’ ಅನ್ನಿಸಿಬಿಡುತ್ತದೆ. ಅಂಗಡಿಗಳಲ್ಲಿ ಅರ್ಧ ವ್ಯಾಪಾರ ಕುದುರುವುದೇ ಹೀಗೆ.

ಆದರೂ ನನ್ನ ಸಂಗ್ರಹಕ್ಕೆ ನಾನು ಆರಿಸುವುದು ಫ್ಲ್ಯಾಕ್. ಜಾಶ್ ಕೋಲ್ಸನ್ 2001ರಲ್ಲಿ ಇದನ್ನು ಉಚಿತವಾಗಿ ಲೋಕಕ್ಕೆ ಬಿಟ್ಟುಕೊಟ್ಟರು. ಇದರಲ್ಲಿ ಏನೂ ಕಳೆದುಹೋಗುವುದಿಲ್ಲ, ಬಿಚ್ಚಿದರೆ ಸಿ.ಡಿ.ಯ ಒಂದೊಂದು ಬಿಟ್ಟೂ ಹಾಗೆಯೇ ಸಿಗುತ್ತದೆ. ಗಂಟೆಗೆ ಸುಮಾರು 600 ಎಂಬಿ ಬೇಡುವ ಸಿ.ಡಿ. ಸಂಗೀತ 350ರ ಆಸುಪಾಸಿಗೆ ಇಳಿಯುತ್ತದೆ. 128 ಜಿಬಿ ಕಾರ್ಡಿನಲ್ಲಿ 350 ಗಂಟೆಯ ಸಂಗೀತ ಕೂರುವಾಗ ಜಿಪುಣತನ ಏಕೆ? ಫ್ಲ್ಯಾಕ್‌ನಿಂದ ಬೇಕಾದಾಗ ಎಂಪಿ3 ಮಾಡಿಕೊಳ್ಳಬಹುದು, ಹಿಂದಿರುಗುವ ದಾರಿ ಇಲ್ಲ. ಎಂಪಿ3ಯನ್ನೇ ಫ್ಲ್ಯಾಕ್ ಮಾಡಿ ‘ಲಾಸ್‌ಲೆಸ್’ ಎಂದು ಹಂಚುವವರು ಬೇಕಾದಷ್ಟಿದ್ದಾರೆ. ಕೆನೆ ತೆಗೆದ ಹಾಲನ್ನು ಬೆಳ್ಳಿ ಚೊಂಬಿಗೆ ಸುರಿದರೆ ಕೆನೆ ಕಟ್ಟುವುದಿಲ್ಲ. ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ಫೈಲು ತೆರೆದು ನೋಡಿ: 16 ಕಿಲೋಹರ್ಟ್ಸ್ ಬಳಿ ಚಿತ್ರ ಕತ್ತರಿಯಿಂದ ಕತ್ತರಿಸಿದಂತೆ ನಿಂತಿದ್ದರೆ ಅದು ಬಹುಮಟ್ಟಿಗೆ 128ರ ಎಂಪಿ3ಯೇ.

ಇನ್ನು ಪೆಟ್ಟಿಗೆಯ ಮೇಲಿನ ಚಿನ್ನದ ಬಣ್ಣದ ‘ಹೈ-ರೆಸ್’ ಚೀಟಿ. 40 ಕಿಲೋಹರ್ಟ್ಸ್‌ವರೆಗೆ ಸಾಮರ್ಥ್ಯ ಇದೆ ಎಂಬುದಕ್ಕೆ ಜಪಾನ್ ಆಡಿಯೊ ಸೊಸೈಟಿ ಕೊಡುವ ಗುರುತು ಅದು. ಎಳೆಯರ ಕಿವಿಗೂ 20ರ ಮೇಲೆ ಕೇಳದು, ಐವತ್ತು ದಾಟಿದವರಿಗೆ ಅದಕ್ಕಿಂತ ಎಷ್ಟೋ ಕೆಳಗೇ ನಿಲ್ಲುತ್ತದೆ. ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಸ್ ಲೆಕ್ಕ 22ರವರೆಗೆ ಹಿಡಿದಿಡುತ್ತದೆ. ಅಮೆರಿಕದ ಮೇಯರ್ ಮತ್ತು ಮೋರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೈ-ರೆಸ್ ಧ್ವನಿಯನ್ನೂ, ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದ್ದನ್ನೂ ಕೇಳಿಸಿದಾಗ 554 ಸಲದಲ್ಲಿ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಜಾಶುವಾ ರೀಸ್ 2016ರಲ್ಲಿ ಕಂಡುಕೊಂಡದ್ದು ನೂರಕ್ಕೆ 52ರಷ್ಟು ಗೆಲುವು. ಅಂತರ ಇಲ್ಲವೆನ್ನಲಾಗದು, ಅದಕ್ಕಾಗಿ ಸಾಲ ಮಾಡಲೂ ಆಗದು. ಅಬ್ದುಲ್ ಕರೀಂ ಖಾನರ 78 ಆರ್‌ಪಿಎಂ ತಟ್ಟೆಗಳನ್ನು 24 ಬಿಟ್, 192 ಕಿಲೋಹರ್ಟ್ಸ್‌ನಲ್ಲಿ ಹುಡುಕುವವರಿದ್ದಾರೆ. ಆ ಅರಗಿನ ತಟ್ಟೆ ಹಿಡಿದಿಟ್ಟಿರುವ ಸಂಗೀತ ಸಿ.ಡಿ. ಮಟ್ಟದಲ್ಲಿ ಧಾರಾಳವಾಗಿ ಹಿಡಿಯುತ್ತದೆ. ಮೇಲೆ ಉಳಿಯುವುದು ಮುಳ್ಳಿನ ಕರಕರ ಮಾತ್ರ. ಅಲ್ಲಿ ಹುಡುಕಬೇಕಾದ್ದು ಸವೆಯದ ತಟ್ಟೆಯಿಂದ, ಸರಿಯಾದ ವೇಗದಲ್ಲಿ ವರ್ಗಾಯಿಸಿದ ಪ್ರತಿಯನ್ನು.

ಈಗ ಪ್ಲೇಯರ್ ಕೈಗೆತ್ತಿಕೊಳ್ಳಿ. ಮೊದಲು ಆಲಾಪನೆ ಮುಗಿದು ಕೃತಿಯ ಟ್ರ್ಯಾಕು ಹಿಡಿಯುವ ಜಾಗ ಕೇಳಿ. ವೇದಿಕೆಯಲ್ಲಿ ತಂಬೂರಿ ನಿಂತಿಲ್ಲ, ಪ್ಲೇಯರಿನಲ್ಲೂ ನಿಲ್ಲಬಾರದು. ಮುಂದಿನ ಫೈಲನ್ನು ಮೊದಲೇ ಓದಿಟ್ಟುಕೊಳ್ಳದ ಯಂತ್ರ ಅಲ್ಲಿ ಬಿಕ್ಕುತ್ತದೆ. ಎಂಪಿ3ಯಾದರೆ ಎರಡೂ ತುದಿಗೆ ಸೇರಿಕೊಂಡ ಮೌನವನ್ನೂ ಕತ್ತರಿಸಲು ಅದಕ್ಕೆ ಗೊತ್ತಿರಬೇಕು. ಸಿನಿಮಾ ಹಾಡಿಗೆ ಇದು ಲೆಕ್ಕಕ್ಕಿಲ್ಲ, ಕಛೇರಿಗೆ ಇದು ರಸಭಂಗ. ಎರಡನೆಯದಾಗಿ, ಸೂಕ್ಷ್ಮವಾದ ಇಯರ್‌ಫೋನ್ ಹಾಕಿ, ಹಾಡು ಶುರುವಾಗುವ ಮುನ್ನ ಹಿನ್ನೆಲೆಯಲ್ಲಿ ‘ಸ್’ ಎನ್ನುವ ಸದ್ದು ಇದೆಯೇ ನೋಡಿ. ಔಟ್‌ಪುಟ್ ಇಂಪಿಡೆನ್ಸ್ ಇಯರ್‌ಫೋನಿನದರ ಎಂಟನೇ ಒಂದು ಪಾಲು ದಾಟದಿರಲಿ. 16 ಓಮ್‌ಗೆ 2 ಓಮ್. ಮೂರನೆಯದು ಕನ್ನಡಿಗರದೇ ತೊಂದರೆ: ಅಗ್ಗದ ಕೆಲವು ಪ್ಲೇಯರುಗಳಲ್ಲಿ ‘ಕಲ್ಯಾಣಿ’ ಎಂದು ಬರೆದಿಟ್ಟರೆ ಒತ್ತಕ್ಷರ ಕಳಚಿ ಬೀಳುತ್ತದೆ, ಇಲ್ಲವೇ ಬರೀ ಚೌಕಗಳು ಕಾಣುತ್ತವೆ. ಆಂಡ್ರಾಯ್ಡ್ ಇರುವವುಗಳಲ್ಲಿ ಈ ಕಾಟವಿಲ್ಲ, ಬದಲಿಗೆ ಬ್ಯಾಟರಿ ಬೇಗ ಮುಗಿಯುತ್ತದೆ. ಜೇಬಿನಲ್ಲಿಟ್ಟೇ ಒತ್ತಬಹುದಾದ ಗುಂಡಿಗಳು ಇರಲೇಬೇಕು. 1979ರ ಸೋನಿ ವಾಕ್‌ಮನ್‌ನಲ್ಲಿ ಇದ್ದ ಈ ಸುಖ ಇಂದಿನ ಗಾಜಿನ ಪರದೆಯಲ್ಲಿಲ್ಲ.

ಬ್ಲೂಟೂತ್ ಇಯರ್‌ಫೋನನ್ನೇ ಬಳಸುವವರಿಗೆ ಪ್ರತ್ಯೇಕ ಪ್ಲೇಯರ್ ದಂಡ. ಫ್ಲ್ಯಾಕ್ ಇಟ್ಟರೂ ದಾರಿಯಲ್ಲಿ ಅದು ಮತ್ತೆ ಕುಗ್ಗುತ್ತದೆ. ಸೋನಿಯ ಎಲ್‌ಡ್ಯಾಕ್ 990 ಕೆಬಿಪಿಎಸ್‌ವರೆಗೆ ಸಾಗಿಸಬಲ್ಲದಾದರೂ ಸಿ.ಡಿ.ಗೆ ಬೇಕಾದ್ದು 1411. ರೇಡಿಯೊ ಅಲೆಗಳ ಗದ್ದಲವಿರುವ ಕಡೆ ಅದು 330ಕ್ಕೂ ಇಳಿಯುತ್ತದೆ.

ಹೀಗಾಗಿ ನನ್ನ ಸಲಹೆ ಇಷ್ಟು. ಹತ್ತು ಸಾವಿರ ರೂಪಾಯಿ ಇದ್ದರೆ ಅರ್ಧಕ್ಕಿಂತ ಹೆಚ್ಚನ್ನು ತಂತಿಯಿರುವ ಒಳ್ಳೆಯ ಇಯರ್‌ಫೋನಿಗೆ ಹಾಕಿ. ಧ್ವನಿಯನ್ನು ಅತಿ ಹೆಚ್ಚು ಬದಲಿಸುವುದು ಅದೇ. ಫೋನಿಗೆ ಸಾವಿರದ ಆಸುಪಾಸಿನ ಡಾಂಗಲ್ ಸಿಕ್ಕಿಸಿದರೆ, ಧ್ವನಿಯ ಮಟ್ಟಿಗೆ ಅದು ಹತ್ತು ಪಟ್ಟು ಬೆಲೆಯ ಪ್ಲೇಯರಿಗೆ ಸರಿಸಾಟಿಯಾಗಿ ನಿಲ್ಲಬಲ್ಲದು. ಪ್ಲೇಯರಿಗೆ ಕೊಡುವ ದುಡ್ಡು ಏಕಾಂತಕ್ಕೆ ಕೊಡುವ ಬೆಲೆ: ತೋಡಿಯ ನಡುವೆ ಬ್ಯಾಂಕಿನವರ ಕರೆ ಬಾರದಿರಲಿ ಎಂಬುದಕ್ಕೆ. ಅದು ಬೇಕೆನಿಸಿದರೆ ಧಾರಾಳವಾಗಿ ಕೊಳ್ಳಿ, ಚಿನ್ನದ ಚೀಟಿಗೆ ಮಾತ್ರ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ. ಉಳಿದದ್ದರಲ್ಲಿ ಹಳೆಯ ಸಿ.ಡಿ.ಗಳನ್ನು ಕೊಂಡು ಫ್ಲ್ಯಾಕ್ ಮಾಡಿಟ್ಟುಕೊಳ್ಳಿ; ಅವುಗಳ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ, ಪ್ಲೇಯರುಗಳು ಮುಂದಿನ ವರ್ಷವೂ ಸಿಗುತ್ತವೆ.