ಎಣಿಕೆಯ ಪಾಠದಲ್ಲಿ ಸೊನ್ನೆಯ ಸ್ಥಾನ

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿಗೆ ಸೇರಿದ ಚಿನಕುರಳಿಯು ೧೭೭೧ರಲ್ಲಿ ಹೈದರಾಲಿಗೂ ಮರಾಠರಿಗೂ ನಡೆದ ಯುದ್ಧದಿಂದ ಚರಿತ್ರೆಯಲ್ಲಿ ಹೆಸರನ್ನು ಪಡೆದ ಗ್ರಾಮ. ಒಂದು ಕಡೆ ಮೇಲುಕೋಟೆಯ ಬೆಟ್ಟ, ಮತ್ತೊಂದು ಕಡೆ ತೊಣ್ಣೂರಿನ ಕೆರೆ. ವಿದ್ಯೆಯೂ ಬೇಸಾಯವೂ ಬಹುಕಾಲ ಜೊತೆಯಾಗಿ ಬಾಳಿದ ಸೀಮೆ ಇದು. ಇಂತಹ ಊರಿನಲ್ಲಿಯಾಗಲಿ, ಕನ್ನಡನಾಡಿನ ಬೇರೆ ಯಾವ ಊರಿನಲ್ಲಿಯಾಗಲಿ, ನೂರರವರೆಗೆ ತಡವರಿಸದೆ ಎಣಿಸಬಲ್ಲ ಮಗುವಿನ ಕೈಗೆ ಬಳಪವನ್ನು ಕೊಟ್ಟು 'ನೂರ ಐದು' ಎಂದು ಬರೆಯಹೇಳಿದರೆ, ಅದು ಎಷ್ಟೋ ವೇಳೆ ೧೦೦೫ ಎಂದು ಬರೆಯುತ್ತದೆ. ಉಪಾಧ್ಯಾಯರು ಅದನ್ನು ಅಳಿಸಿ ೧೦೫ ಎಂದು ತಿದ್ದುತ್ತಾರೆ. ಮಗು ಅದನ್ನು ಹತ್ತು ಸಲ ನಕಲು ಮಾಡುತ್ತದೆ. ಮರುದಿನ 'ನೂರ ಏಳು' ಎಂದರೆ ೧೦೦೭ ಎಂದು ಬರೆಯುತ್ತದೆ. ಈ ತಪ್ಪು ಮಗುವಿನ ಮಂದಬುದ್ಧಿಯಿಂದ ಹುಟ್ಟಿದುದೇ, ಪಾಠದ ಕ್ರಮದಿಂದ ಹುಟ್ಟಿದುದೇ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಮಗುವಿನ ಬರವಣಿಗೆಯನ್ನು ಸಮಾಧಾನದಿಂದ ನೋಡಿದರೆ ಅದರಲ್ಲಿ ಒಂದು ನ್ಯಾಯವು ಕಾಣುತ್ತದೆ. ನೂರು ಎಂದರೆ ೧೦೦. ಐದು ಎಂದರೆ ೫. ಕಿವಿಗೆ ಬಿದ್ದ ಎರಡು ಮಾತುಗಳನ್ನೂ ಅದು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟಿದೆ. ಕನ್ನಡದ ಸಂಖ್ಯಾಪದಗಳು ಇರುವುದನ್ನು ಮಾತ್ರ ಹೇಳುತ್ತವೆ, ಇಲ್ಲದ್ದನ್ನು ಹೇಳುವುದಿಲ್ಲ. 'ನೂರ ಇಪ್ಪತ್ತೈದು' ಎಂಬಲ್ಲಿ ನೂರು, ಹತ್ತು, ಬಿಡಿ ಎಂಬ ಮೂರು ಸ್ಥಾನಗಳಿಗೂ ಮಾತುಂಟು. 'ನೂರ ಐದು' ಎಂಬಲ್ಲಿ ನಡುವಣ ಹತ್ತರ ಸ್ಥಾನವನ್ನು ನಾಲಗೆಯು ಸದ್ದಿಲ್ಲದೆ ದಾಟಿಬಿಡುತ್ತದೆ. ಬರಹಕ್ಕೆ ಈ ಸ್ವಾತಂತ್ರ್ಯವಿಲ್ಲ; ಹತ್ತುಗಳು ಇಲ್ಲವೆಂಬುದನ್ನು ಅದು ಒಂದು ಗುರುತಿನಿಂದ ಹೇಳಿಯೇ ತೀರಬೇಕು. ಆ ಗುರುತೇ ಸೊನ್ನೆ. ಹೀಗಿರಲು, ಮಾತಿನ ಎಣಿಕೆಯಲ್ಲಿ ಎಂದೂ ಕಾಣದ ವಸ್ತುವನ್ನು ಬರಹದ ಎಣಿಕೆಯಲ್ಲಿ ಮಗು ತಾನಾಗಿಯೇ ಕಂಡುಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಎಣಿಕೆಯ ಬಾಲಪಾಠಗಳಲ್ಲಿ ಸೊನ್ನೆಗೆ ರೂಢಿಯಾಗಿ ಬಂದಿರುವ ಪರಿಚಯವಾಕ್ಯಗಳು ಎರಡು. 'ಸೊನ್ನೆ ಎಂದರೆ ಏನೂ ಇಲ್ಲ' ಎಂಬುದು ಮೊದಲನೆಯದು. 'ಒಂದರ ಮುಂದೆ ಸೊನ್ನೆ ಹಾಕಿದರೆ ಹತ್ತು' ಎಂಬುದು ಎರಡನೆಯದು. ಬೇರೆಬೇರೆಯಾಗಿ ನೋಡಿದರೆ ಇವೆರಡೂ ಸುಳ್ಳಲ್ಲ. ಆದರೆ ಒಂದೇ ವಾರದಲ್ಲಿ ಒಂದೇ ಬಾಯಿಂದ ಬಂದಾಗ ಮಗುವಿಗೆ ಒಗಟಾಗುತ್ತವೆ. ಏನೂ ಇಲ್ಲದ್ದನ್ನು ಪಕ್ಕದಲ್ಲಿಟ್ಟರೆ ಒಂದು ಹತ್ತಾಗುವುದು ಹೇಗೆ? ಇಲ್ಲಿ ಸೊನ್ನೆಯ ಎರಡು ಧರ್ಮಗಳನ್ನು ಬೇರ್ಪಡಿಸದೆ ಕಲಸಿದಂತಾಗಿದೆ. ಬುಟ್ಟಿಯಲ್ಲಿ ಎಷ್ಟು ಹಣ್ಣಿದೆ ಎಂಬ ಪ್ರಶ್ನೆಗೆ ಉತ್ತರವಾಗಿ ನಿಲ್ಲುವ ಸೊನ್ನೆಯು ಒಂದು ಸಂಖ್ಯೆ. ಬರಿದಾದ ಸ್ಥಾನವನ್ನು ಕಾಯುವ ಸೊನ್ನೆಯು ಒಂದು ಲಿಪಿಚಿಹ್ನೆ. ಒಂದನ್ನು ಹತ್ತಾಗಿ ಮಾಡಿದುದು ಸೊನ್ನೆಯಲ್ಲ. ಒಂದು ತನ್ನ ಮನೆಯನ್ನು ಬಿಟ್ಟು ಎಡಗಡೆಯ ಮನೆಗೆ ಹೋದುದೇ ಅದಕ್ಕೆ ಕಾರಣ. ಅದು ಬಿಟ್ಟುಹೋದ ಮನೆಗೆ ಸೊನ್ನೆಯು ಕಾವಲು. ಈ ಮಾತನ್ನು ಮೊದಲು ಹೇಳಿಕೊಟ್ಟರೆ ಒಗಟು ಬಿಡುತ್ತದೆ.

ಕನ್ನಡ ಮಗುವಿಗೆ ಸೊನ್ನೆಯು ಮತ್ತೊಂದು ಬಾಗಿಲಿನಿಂದಲೂ ಬರುತ್ತದೆಂಬುದನ್ನು ಪಾಠಪುಸ್ತಕಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಶೂನ್ಯ ಎಂಬುದರ ತದ್ಭವವಾದ ಈ ಮಾತು ಅಂಕೆಗೆ ಮಾತ್ರವಲ್ಲದೆ ಅನುಸ್ವಾರಕ್ಕೂ ಹೆಸರಾಗಿದೆ. 'ಒಂದು' ಎಂಬ ಮಾತನ್ನು ಬರೆಯುವಾಗಲೇ ಮಗು ಒಂದು ಸೊನ್ನೆಯನ್ನು ಬರೆಯುತ್ತದೆ! ಇದನ್ನು ಗೊಂದಲಕ್ಕೆ ಕಾರಣವೆಂದು ತಿಳಿಯುವವರುಂಟು. ಆದರೆ ಜಾಣನಾದ ಉಪಾಧ್ಯಾಯನಿಗೆ ಇದು ಅನುಕೂಲವೇ ಸರಿ. ಗಂಗೆ, ಪಂಚೆ, ದಂಡ, ಕಂಬ ಎಂಬ ಮಾತುಗಳಲ್ಲಿ ಸೊನ್ನೆಯ ರೂಪ ಒಂದೇ, ಉಚ್ಚಾರಣೆ ಬೇರೆಬೇರೆ. ಅದರ ಧ್ವನಿಯನ್ನು ನಿರ್ಣಯಿಸುವುದು ಪಕ್ಕದ ಅಕ್ಷರ. ಹಾಗೆಯೇ ೫೦, ೫೦೦, ೫೦೫ ಎಂಬಲ್ಲಿ ಸೊನ್ನೆಯ ರೂಪ ಒಂದೇ. ಅದು ಮಾಡುವ ಕೆಲಸವನ್ನು ತಿಳಿಯಬೇಕಾದರೆ ಸುತ್ತಣ ಅಂಕೆಗಳನ್ನು ನೋಡಬೇಕು. ಅಕ್ಷರಮಾಲೆಯಲ್ಲಿ ಕಲಿತ ಈ ಧರ್ಮವನ್ನು ಅಂಕಮಾಲೆಯಲ್ಲಿ ನೆನಪಿಗೆ ತಂದುಕೊಟ್ಟರೆ ಅರ್ಧ ಪಾಠ ಮುಗಿದಂತೆಯೇ.

ಮನೆಯ ಮಾತಿನಲ್ಲಿ ಮಾತ್ರ ಸೊನ್ನೆಗೆ ಸ್ವಾಗತ ಕಡಮೆ. 'ಇಲ್ಲ' ಎಂಬುದನ್ನು ಬಾಯಿಬಿಟ್ಟು ಹೇಳುವುದು ಅಮಂಗಲವೆಂದು ಹಿರಿಯರು ಭಾವಿಸಿದ್ದರು. ಬಳೆ ಒಡೆದರೆ 'ಹೆಚ್ಚಿತು' ಎನ್ನುವರು. ದೀಪವನ್ನು ಆರಿಸು ಎನ್ನದೆ 'ದೊಡ್ಡದು ಮಾಡು' ಎನ್ನುವರು. ಕಣದಲ್ಲಿ ರಾಶಿಯನ್ನು ಅಳೆಯುವವನು ಮೊದಲ ಕೊಳಗವನ್ನು ಒಂದು ಎನ್ನದೆ 'ಲಾಭ' ಎಂದು ಆರಂಭಿಸುವ ಪದ್ಧತಿಯಿತ್ತು. ಇವೆಲ್ಲ ಸುಂದರವಾದ ನಡವಳಿಕೆಗಳು. ಆದರೆ ಇಲ್ಲದ್ದನ್ನು ಹೆಚ್ಚಳವೆಂದು ಕರೆಯುವ ಮನೆಯಿಂದ ಬಂದ ಮಗುವಿಗೆ, ಇಲ್ಲದ್ದಕ್ಕೂ ಒಂದು ಹೆಸರಿದೆ, ಒಂದು ಗುರುತಿದೆ, ಒಂದು ಸ್ಥಾನವಿದೆ ಎಂಬುದು ಹೊಸ ಸಂಗತಿ ಎಂಬುದನ್ನು ಶಾಲೆಯು ಮರೆಯಬಾರದು.

ಮಾತಿನಲ್ಲಿ ದೊರೆಯದ ಈ ಪಾಠವು ಆಟದಲ್ಲಿ ದೊರೆಯುತ್ತದೆ. ಅಳಗುಳಿಮಣೆಯಲ್ಲಿ ಎರಡು ಸಾಲಾಗಿ ಹದಿನಾಲ್ಕು ಗುಳಿಗಳು. ರೂಢಿಯಲ್ಲಿರುವ ಒಂದು ಬಗೆಯ ಆಟದಲ್ಲಿ, ಕೈಯಲ್ಲಿರುವ ಹುಣಸೆಬೀಜಗಳನ್ನು ಗುಳಿಗೊಂದರಂತೆ ಹಾಕಿ ಮುಗಿಸಿದ ಮೇಲೆ, ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವ ಬೀಜಗಳೆಲ್ಲ ಆಡಿದವರ ಪಾಲು. ಸಾಲಾಗಿ ಎರಡು ಗುಳಿ ಬರಿದಾಗಿದ್ದರೆ ಏನೂ ದೊರೆಯದೆ ಸರದಿ ಹೋಗುತ್ತದೆ. ಇಲ್ಲಿ ಬರಿದಾದ ಗುಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದವನಿಗೆ ಗೆಲುವಿಲ್ಲ. ಬರಿದಾದರೂ ಗುಳಿಯು ಗುಳಿಯೇ. ಅದು ಮಣೆಯಿಂದ ಮಾಯವಾಗುವುದಿಲ್ಲ. ಚೌಕಾಬಾರದಲ್ಲಿ ಇನ್ನೂ ಸ್ವಾರಸ್ಯವಾದ ನಿಯಮವಿದೆ. ನಾಲ್ಕು ಕವಡೆಗಳನ್ನು ಚೆಲ್ಲಿ, ಮೇಲ್ಮುಖವಾಗಿ ಬಿದ್ದವುಗಳನ್ನು ಎಣಿಸುತ್ತಾರೆ: ಒಂದು, ಎರಡು, ಮೂರು, ನಾಲ್ಕೂ ಬಿದ್ದರೆ ಚೌಕ. ಒಂದೂ ಮೇಲ್ಮುಖವಾಗಿ ಬೀಳದಿದ್ದರೆ ಅದನ್ನು ತಳ್ಳಿಹಾಕದೆ ಎಂಟು ಎಂದು ಎಣಿಸಿ 'ಬಾರ' ಎಂದು ಗೌರವಿಸುತ್ತಾರೆ. ಶೂನ್ಯವೂ ಒಂದು ಫಲವೆಂಬುದನ್ನು ಈ ಆಟವನ್ನು ರಚಿಸಿದವರು ಅರಿತಿದ್ದರು. ಅಜ್ಜಿಯ ಮಡಿಲಲ್ಲಿ ಈ ಆಟಗಳನ್ನು ಕಲಿತ ಮಗು, ಶಾಲೆಯಲ್ಲಿ ಸೊನ್ನೆ ಎಂದರೆ ಏನೂ ಇಲ್ಲ ಎಂದು ಕೇಳಿ, ತಾನು ಬಲ್ಲುದನ್ನು ಬಿಟ್ಟುಕೊಟ್ಟು ಬರುವಂತಾಗಿರುವುದು ವಿಷಾದದ ಸಂಗತಿ.

ಪ್ರಾಚೀನರ ಗ್ರಂಥಗಳಿಂದ ಈ ವಿಷಯದಲ್ಲಿ ಸಹಾಯವೇನಾದರೂ ಉಂಟೇ ಎಂದು ನೋಡಬಹುದು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಗಣಿತವನ್ನು ಬರೆದವರಲ್ಲಿ ಅಗ್ರಗಣ್ಯನು. ಅವನ 'ವ್ಯವಹಾರಗಣಿತ'ವು ಸೂತ್ರ, ಉದಾಹರಣೆಗಳಿಂದ ಕೂಡಿದ ಉಪಕಾರಿಯಾದ ಗ್ರಂಥ. ಶಾಸ್ತ್ರವನ್ನು ದೇಶಭಾಷೆಯಲ್ಲಿ ಹೇಳಿದ ಅವನ ಧೈರ್ಯವು ಸ್ತುತ್ಯವಾದುದು. ಆದರೆ ಅದು ತ್ರೈರಾಶಿಕವೇ ಮೊದಲಾದ ಲೆಕ್ಕಗಳನ್ನು ಅರಿಯಬೇಕಾದ ವ್ಯವಹಾರಸ್ಥನಿಗೆ ಬರೆದುದೇ ಹೊರತು, ಹತ್ತನ್ನು ಆಗತಾನೆ ಕಲಿಯುವ ಶಿಶುವಿಗೆ ಬರೆದುದಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವು ಶಿಶುಶಿಕ್ಷಕನಿಗೆ ಅನಿರೀಕ್ಷಿತವಾದ ಬೆಳಕನ್ನು ಕೊಡುತ್ತದೆ. ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೆಂದು ಹೇಳಿದ ಆಚಾರ್ಯನು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಮಾರ್ಪಡದೆ ಉಳಿಯುವುದೆಂದು ಹೇಳಿದನು. ಈ ಎರಡನೆಯ ಮಾತನ್ನು ಇಂದಿನ ಗಣಿತವು ಒಪ್ಪುವುದಿಲ್ಲ. ಆದರೆ ಹತ್ತು ಅಚ್ಚು ಬೆಲ್ಲವಿದೆ, ಹಂಚಿಕೊಳ್ಳಲು ಯಾರೂ ಇಲ್ಲ, ಏನಾಯಿತು ಎಂದು ಮಗುವನ್ನು ಕೇಳಿದರೆ, 'ಹತ್ತೂ ಹಾಗೆಯೇ ಉಳಿಯಿತು' ಎಂದೇ ಅದು ಉತ್ತರ ಕೊಡುವುದು. ಮಹಾಪಂಡಿತನೊಬ್ಬನು ಎಡವಿದ ಕಲ್ಲನ್ನೇ ಮಗುವೂ ಎಡವುತ್ತದೆ ಎಂದಮೇಲೆ, ಆ ಉತ್ತರಕ್ಕೆ ಬೆತ್ತವು ಪ್ರತ್ಯುತ್ತರವಾಗಬಹುದೇ? ಮಾನವಕುಲವೇ ಶತಮಾನಗಳ ಕಾಲ ತಡವರಿಸಿದ ಸ್ಥಳ ಇದು. ೬೨೮ರಲ್ಲಿ ಸೊನ್ನೆಗೆ ನಿಯಮಗಳನ್ನು ಬರೆದ ಬ್ರಹ್ಮಗುಪ್ತನೂ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೆಂದನು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು 'ಖಹರ'ವೆಂಬ ಬೇರೊಂದು ರಾಶಿಯನ್ನೇ ಕಲ್ಪಿಸಬೇಕಾಯಿತು.

ಇನ್ನು ಆಧುನಿಕರ ಪ್ರಯತ್ನ. ಮರಿಯಾ ಮಾಂಟೆಸೊರಿಯ ಪದ್ಧತಿಯಲ್ಲಿ ಕದಿರುಗಳನ್ನು ಎಣಿಸಿ ಇಡುವ ಒಂದು ಪೆಟ್ಟಿಗೆಯುಂಟು. ಅದರ ಮೊದಲ ಖಾನೆಯ ಮೇಲೆ ಸೊನ್ನೆಯನ್ನು ಬರೆದು ಅದನ್ನು ಬರಿದಾಗಿಯೇ ಬಿಡುತ್ತಾರೆ. ಖಾನೆಯುಂಟು, ಹೆಸರುಂಟು, ಒಳಗೆ ಕದಿರಿಲ್ಲ. ಅಳಗುಳಿಮಣೆಯ ಬರಿಗುಳಿಯೇ ಬೇರೊಂದು ದೇಶದಲ್ಲಿ ಬೇರೊಂದು ರೂಪವನ್ನು ತಾಳಿದಂತಿದೆ. ೧೯೮೬ರಲ್ಲಿ ವೆಲ್ಮನ್ ಮತ್ತು ಮಿಲ್ಲರ್ ಎಂಬ ಸಂಶೋಧಕರು ತೋರಿಸಿದಂತೆ, ಮಕ್ಕಳು ಮೊದಲು ಸೊನ್ನೆಯ ಹೆಸರನ್ನು ಕಲಿಯುತ್ತಾರೆ. ಅದು ಏನೂ ಇಲ್ಲದಿರುವಿಕೆಯ ಗುರುತೆಂದು ಆಮೇಲೆ ತಿಳಿಯುತ್ತಾರೆ. ಅದು ಒಂದಕ್ಕಿಂತ ಚಿಕ್ಕ ಸಂಖ್ಯೆಯೆಂಬುದನ್ನು ಎಲ್ಲಕ್ಕಿಂತ ಕಡೆಯಲ್ಲಿ ಅರಿಯುತ್ತಾರೆ. ಈ ಮೂರು ಮೆಟ್ಟಿಲುಗಳನ್ನು ಒಂದೇ ನೆಗೆತದಲ್ಲಿ ಹತ್ತಿಸುವ ಪಾಠವು ಫಲಿಸದು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ನಾಡಿನ ಸರಕಾರಿ ಶಾಲೆಗಳಿಗೆ ಹರಡಿದ 'ನಲಿಕಲಿ' ಪದ್ಧತಿಯು, ಪ್ರತಿ ಮಗುವೂ ತನ್ನ ಗತಿಯಲ್ಲಿ ಮೆಟ್ಟಿಲೇರಬೇಕೆಂಬ ತತ್ತ್ವವನ್ನು ಅಂಗೀಕರಿಸಿದುದು ಶ್ಲಾಘ್ಯವಾದುದು. ಆದರೆ ಯಾವ ಪದ್ಧತಿಯಾದರೂ ಅದನ್ನು ನಡೆಸುವವರ ತಿಳಿವಳಿಕೆಯಷ್ಟೇ ಎತ್ತರಕ್ಕೆ ಏರಬಲ್ಲುದು. ಹತ್ತು ಕಡ್ಡಿಗಳನ್ನು ದಾರದಿಂದ ಕಟ್ಟಿ ಕಟ್ಟೊಂದನ್ನು ಮಾಡಿದ ಮೇಲೆ, 'ಈಗ ಬಿಡಿ ಕಡ್ಡಿ ಎಷ್ಟು ಉಳಿಯಿತು?' ಎಂಬ ಪ್ರಶ್ನೆಯನ್ನು ಕೇಳದೆ ಬಿಟ್ಟರೆ, ಕಡ್ಡಿಗಳೂ ಮಗ್ಗಿಯಂತೆಯೇ ನಿರ್ಜೀವವಾಗುತ್ತವೆ.

ಮಗ್ಗಿಯನ್ನು ಹೀಗೆ ಹೆಸರಿಸಿದುದರಿಂದ ಅದರ ನಿಂದೆಯು ಉದ್ದೇಶವೆಂದು ತಿಳಿಯಬಾರದು. ಕೂಲಿಮಠದ ಐಗಳು ಮರಳಿನ ಮೇಲೆ ಬೆರಳಿಂದ ತಿದ್ದಿಸಿ, ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಕಂಠಪಾಠ ಮಾಡಿಸಿದಾಗ ಅದಕ್ಕೆ ಲೋಕದಲ್ಲಿ ಪ್ರಯೋಜನವಿತ್ತು. ರೂಪಾಯಿಗೆ ಹದಿನಾರು ಆಣೆ. ಅರ್ಧಿಸುತ್ತ ಹೋದರೆ ಎಂಟು, ನಾಲ್ಕು, ಎರಡು, ಒಂದು. ಆ ಸಂತೆಯ ಲೆಕ್ಕದಲ್ಲಿ ಸೊನ್ನೆಗೆ ಹೆಚ್ಚು ಕೆಲಸವಿರಲಿಲ್ಲ. ೧೯೫೭ನೆಯ ಏಪ್ರಿಲ್ ೧ರಂದು ರೂಪಾಯಿಗೆ ನೂರು ಪೈಸೆಯಾಯಿತು. ಅದರ ಬೆನ್ನಿಗೇ ಸೇರು ಮಣಗಳು ಹೋಗಿ ಕಿಲೋ ಲೀಟರುಗಳು ಬಂದವು. ಅಂದಿನಿಂದ ಸಂತೆಯ ಲೆಕ್ಕವೆಲ್ಲ ಹತ್ತರ ಲೆಕ್ಕ, ಎಂದರೆ ಸೊನ್ನೆಯ ಲೆಕ್ಕ. ಐಗಳ ಕಾಲದಲ್ಲಿ ಸೊನ್ನೆಯನ್ನು ಅರಿಯದವನೂ ಸಂತೆಯಲ್ಲಿ ಬದುಕಬಹುದಾಗಿತ್ತು, ಈಗ ಹಾಗಲ್ಲ.

ಮತ್ತೊಂದು ಪಕ್ಷದವರು ಶೂನ್ಯವೆಂದೊಡನೆ ಅಲ್ಲಮಪ್ರಭುವಿನ ಬಯಲನ್ನೂ ಶೂನ್ಯಸಂಪಾದನೆಯನ್ನೂ ನೆನೆದು, ಆ ಗಂಭೀರವಾದ ತತ್ತ್ವವನ್ನೇ ಮಕ್ಕಳಿಗೂ ಸೂಚಿಸಬೇಕೆನ್ನುತ್ತಾರೆ. ಕನ್ನಡ ಸಾಹಿತ್ಯದಲ್ಲಿ ಶೂನ್ಯಕ್ಕೆ ದೊರೆತಿರುವ ಮಹತ್ತು ಹೆಮ್ಮೆಯ ವಿಷಯವೇ. ಆದರೆ ಬಯಲು ಎಂಬುದು ಸ್ಥಾನಭೇದಗಳೆಲ್ಲ ಅಳಿದ ನೆಲೆ. ಅಂಕೆಯ ಸೊನ್ನೆಯಾದರೋ ಸ್ಥಾನಭೇದವನ್ನು ಉಳಿಸಿಕೊಡುವ ಸಾಧನ. ಒಂದು ಮತ್ತೊಂದರ ಉಪಮೆಯಾಗಲಾರದು. ಏಳು ವರ್ಷದ ಮಗುವಿಗೆ ಬೇಕಾದುದು ಬಯಲಲ್ಲ, ಬರಿಗುಳಿ.

ಗ್ವಾಲಿಯರಿನ ೮೭೬ರ ಶಾಸನವೊಂದರಲ್ಲಿ ದೇವರ ಹೂದೋಟದ ಅಳತೆಯಾಗಿ ೨೭೦ ಹಸ್ತಗಳನ್ನೂ, ದಿನಂಪ್ರತಿಯ ಹೂಮಾಲೆಗಳ ಸಂಖ್ಯೆಯಾಗಿ ೫೦ನ್ನೂ ಸೊನ್ನೆಯೊಡನೆ ಕೆತ್ತಿದ್ದಾರೆ. ದಾನದ ಲೆಕ್ಕ ಮುಂದಿನವರ ಕಾಲದಲ್ಲಿ ತಪ್ಪಬಾರದೆಂದೇ ಕಲ್ಲಿನ ಮೇಲಣ ಆ ಬರಹ. ಸಾಲದ ಪತ್ರವನ್ನು ಬರೆಯುವವರು ಮೊಬಲಗನ್ನು ಅಂಕೆಯಲ್ಲಿಯೂ ಅಕ್ಷರದಲ್ಲಿಯೂ ಬರೆಯುವ ಪದ್ಧತಿಯ ಮರ್ಮವೂ ಇದೇ. ಅಂಕೆಯಲ್ಲಿ ಒಂದು ಸೊನ್ನೆಯನ್ನು ಸೇರಿಸುವುದು ಲೇಖನಿಯ ಒಂದು ಸುತ್ತಿನ ಕೆಲಸ. ಅಕ್ಷರದಲ್ಲಿ ಸೊನ್ನೆಯೇ ಇಲ್ಲವಾದುದರಿಂದ ಅಲ್ಲಿ ಆ ಮೋಸ ನಡೆಯದು. ಕಬ್ಬಿನ ತೂಕದ ಚೀಟಿ, ಹಾಲಿನ ಲೆಕ್ಕದ ಚೀಟಿಗಳಲ್ಲಿ ಮಾತ್ರ ಅಕ್ಷರದ ಕಾವಲಿಲ್ಲ. ಅಲ್ಲಿ ಇರುವುದು ಬರಿಯ ಅಂಕೆ. ೪.೦೫ಕ್ಕೂ ೪.೫ಕ್ಕೂ ಇರುವ ಅಂತರವು ಒಂದು ಹೊತ್ತಿನ ಹಾಲಿನ ಬೆಲೆಯಲ್ಲಿ ಕಾಣುತ್ತದೆ. ಆ ಚೀಟಿಯನ್ನು ಮನೆಯಲ್ಲಿ ಓದಿ ಹೇಳುವುದು ಎಷ್ಟೋ ವೇಳೆ ಶಾಲೆಗೆ ಹೋಗುವ ಮಗುವೇ.

ಆದುದರಿಂದ ೧೦೦೫ ಎಂದು ಬರೆದ ಮಗುವಿನ ಹಲಗೆಯನ್ನು ಅಳಿಸುವ ಮುನ್ನ ಉಪಾಧ್ಯಾಯರು ಅದರ ಪಕ್ಕದಲ್ಲಿ ಕುಳಿತು, ನೂರರ ಒಂದು ಕಟ್ಟನ್ನೂ ಐದು ಬಿಡಿ ಕಡ್ಡಿಗಳನ್ನೂ ಇಟ್ಟು, ನಡುವೆ ಹತ್ತರ ಕಟ್ಟುಗಳಿರಬೇಕಾದ ಬರಿನೆಲವನ್ನು ತೋರಿಸಿ, 'ಇಲ್ಲಿ ಎಷ್ಟಿದೆ?' ಎಂದು ಕೇಳತಕ್ಕದ್ದು. 'ಏನೂ ಇಲ್ಲ' ಎಂದು ಮಗು ಹೇಳುತ್ತದೆ. 'ಹಾಗಾದರೆ ಅದನ್ನು ಬರೆ' ಎಂದರೆ ಸಾಕು. ಅದರ ಕೈಯೇ ಅಲ್ಲಿ ಸೊನ್ನೆಯನ್ನು ಸುತ್ತುತ್ತದೆ.