ಚಾರ್‌ಧಾಮ್ ಪ್ಯಾಕೇಜ್: ಆರಾಮದ ಹೆಸರಿನಲ್ಲಿ ಅವಸರ

ಹಿರಿಯರಿಗೆಂದೇ ರೂಪಿಸಿದ ಚಾರ್‌ಧಾಮ್ ಪ್ಯಾಕೇಜ್‌ಗಳಿಗೆ ನಮ್ಮಲ್ಲಿ ಒಳ್ಳೆಯ ಹೆಸರಿದೆ. ಜೊತೆಯಲ್ಲೇ ಅಡುಗೆಯವರು, ಬೆಟ್ಟದಲ್ಲೂ ಬಿಸಿ ಅನ್ನ-ಸಾರು, ಕೇದಾರಕ್ಕೆ ಹೆಲಿಕಾಪ್ಟರ್. ಊಟೋಪಚಾರದ ಬಗ್ಗೆ ತಕರಾರಿಲ್ಲ. ಆದರೆ ಪ್ರಯಾಣದ ಓಟ ನೋಡಿದರೆ ಈ ಹೆಸರು ಯೋಗ್ಯತೆಗೆ ಮೀರಿದ್ದು.

ಕೇದಾರದ ಆ ಒಂದು ದಿನವನ್ನೇ ನೋಡಿ. ಹಿಂದಿನ ರಾತ್ರಿ ಗುಪ್ತಕಾಶಿಯಲ್ಲಿ ತಂಗುವುದು, ಬೆಳಿಗ್ಗೆ ಹೆಲಿಕಾಪ್ಟರ್, ದರ್ಶನ, ರಾತ್ರಿ ಕೇದಾರದಲ್ಲೇ ವಾಸ್ತವ್ಯ. ಗುಪ್ತಕಾಶಿ 1,300 ಮೀಟರ್ ಆಸುಪಾಸಿನಲ್ಲಿದೆ, ಕೇದಾರ 3,583 ಮೀಟರ್‌ನಲ್ಲಿ. ಒಂದೇ ದಿನದಲ್ಲಿ ಮಲಗುವ ಜಾಗ 2,200 ಮೀಟರ್‌ಗೂ ಹೆಚ್ಚು ಮೇಲೇರಿತು. ಮೂರು ಸಾವಿರ ಮೀಟರ್ ದಾಟಿದ ಮೇಲೆ ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಬಾರದು ಎನ್ನುವುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಹೆಲಿಕಾಪ್ಟರ್ ಕಾಲಿನ ನೋವು ತಪ್ಪಿಸುತ್ತದೆ, ಗಾಳಿಯನ್ನು ದಟ್ಟವಾಗಿಸುವುದಿಲ್ಲ. ಎತ್ತರದ ಬಾಧೆ ಹೆಲಿಕಾಪ್ಟರ್‌ನಿಂದ ಇಳಿದ ಕೂಡಲೇ ಕಾಣಿಸಬೇಕೆಂದೂ ಇಲ್ಲ. ದರ್ಶನ ಚೆನ್ನಾಗಿ ಆಗುತ್ತದೆ, ರಾತ್ರಿ ತಲೆನೋವು, ವಾಕರಿಕೆ ಶುರುವಾಗುತ್ತದೆ. ಚಳಿಗೆ, ಗ್ಯಾಸಿಗೆ ಎಂದು ಹಿರಿಯರು ಸುಮ್ಮನಾಗುತ್ತಾರೆ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರಿಗೆ ಈ ಸುಮ್ಮನಿರುವಿಕೆಯೇ ಅಪಾಯ. ಮೋಡ ಕವಿದು ಹಾರಾಟ ರದ್ದಾಯಿತೆನ್ನಿ, ಪಟ್ಟಿಯಲ್ಲಿ ಬಿಡುವಿನ ದಿನವೇ ಇಲ್ಲ. ಆಗ ಗೌರಿಕುಂಡದಿಂದ 16 ಕಿಲೋಮೀಟರ್ ಕುದುರೆಯೋ ಡೋಲಿಯೋ ಹತ್ತಬೇಕು, ಇಲ್ಲವೇ ದರ್ಶನ ಬಿಡಬೇಕು.

ಇದನ್ನು ಹೇಳಿದರೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ವಯಸ್ಸಾದವರು ಮನೆಯಲ್ಲೇ ಟಿವಿ ನೋಡಲಿ ಎನ್ನುವವರು ಒಂದು ಕಡೆ. ಅವರ ಮಾತು ಒಪ್ಪಲಾಗದು. ಜೀವಮಾನದ ಆಸೆಗೆ ಅದು ಉತ್ತರವೇ ಅಲ್ಲ. ಕಷ್ಟಪಟ್ಟರೇ ಪುಣ್ಯ, ಹಿಂದಿನವರು ನಡೆದೇ ಹೋಗುತ್ತಿದ್ದರು ಎನ್ನುವವರು ಇನ್ನೊಂದು ಕಡೆ. ನಡೆದದ್ದು ನಿಜ, ಆದರೆ ಅವರು ವಾರಗಟ್ಟಲೆ ನಡೆದರು. ದಾರಿಯಲ್ಲಿ ಚಟ್ಟಿಗಳೆಂಬ ತಂಗುದಾಣಗಳಿದ್ದವು. ಜಾನಕಿ ಚಟ್ಟಿ, ಹನುಮಾನ್ ಚಟ್ಟಿ ಇವತ್ತಿಗೂ ಇವೆ. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿದ ಅವರ ದೇಹ ಎತ್ತರಕ್ಕೆ ಒಗ್ಗಿಕೊಂಡಿರುತ್ತಿತ್ತು. ಅವರ ಹೆಸರು ಹೇಳಿ ಇಂದಿನ ಅವಸರವನ್ನು ಸಮರ್ಥಿಸುವುದು ಅವರಿಗೇ ಅನ್ಯಾಯ.

ಸರಿಯಾದ ಯೋಜನೆ ಕಷ್ಟವೇನಲ್ಲ. ಉತ್ತರಕಾಶಿಯಿಂದ ಗಂಗೋತ್ರಿಗೆ ಹೋಗಿ ಅದೇ ದಿನ ವಾಪಸಾದರೆ ಸುಮಾರು 200 ಕಿಲೋಮೀಟರ್ ಘಾಟಿ ರಸ್ತೆ; ಹರ್ಸಿಲ್‌ನಲ್ಲಿ ತಂಗಿದರೆ ದಣಿವೂ ಕಡಿಮೆ, ದೇಹವೂ ಒಗ್ಗುತ್ತದೆ. ಕೇದಾರದಲ್ಲಿ ದರ್ಶನ ಮುಗಿಸಿ ಅಂದೇ ಇಳಿಯಬೇಕು, ಗುಪ್ತಕಾಶಿಯಲ್ಲಿ ಒಂದು ದಿನ ಬಿಡುವಿರಬೇಕು. ಅಷ್ಟು ದಿನವಿಲ್ಲದಿದ್ದರೆ ವಾಹನ ಹೋಗುವ ಗಂಗೋತ್ರಿ, ಬದರಿ ಎರಡೇ ಸಾಕು.

ಅಪ್ಪ-ಅಮ್ಮನನ್ನು ಕಳಿಸುವವರು ಹಣ ಕಟ್ಟುವ ಮುನ್ನ ಡಾಕ್ಟರಿಗೆ ತೋರಿಸಿ, ಪ್ಯಾಕೇಜಿನವರನ್ನು ಎರಡೇ ಪ್ರಶ್ನೆ ಕೇಳಿ: ಪ್ರತಿ ರಾತ್ರಿ ಮಲಗುವ ಊರು ಎಷ್ಟು ಎತ್ತರದಲ್ಲಿದೆ? ಬಿಡುವಿನ ದಿನ ಯಾವುದು? ಉತ್ತರ ಕೊಡಲಾಗದವರ ಜೊತೆ ಕಳಿಸಬೇಡಿ.