ಹೆಬ್ಬೆರಳು ಎತ್ತಬೇಡಿ

ನನ್ನ ಹತ್ರ ಒಂದು ವಿಡಿಯೋ ಇದೆ. ಒಂದೂವರೆ ನಿಮಿಷದ್ದು. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಪಕ್ಕ, ನೀರಿನೊಳಗೆ ನಾನು ಮೀನಿನ ಥರ ತೇಲ್ತಾ ಇದ್ದೀನಿ. ಸುತ್ತ ಹಳದಿ ಪಟ್ಟೆಯ ಮೀನುಗಳು. ಹಿಂದೆ ಯಾವುದೋ ಇಂಗ್ಲಿಷ್ ಹಾಡು. ಕೊನೆಗೆ ಕ್ಯಾಮೆರಾ ಕಡೆ ತಿರುಗಿ ಹೆಬ್ಬೆರಳು ಎತ್ತಿ ‘ಸೂಪರ್’ ಅಂತ ತೋರಿಸ್ತೀನಿ. ಅಲ್ಲಿಗೆ ವಿಡಿಯೋ ಮುಗಿಯುತ್ತೆ. ಇನ್‌ಸ್ಟಾಗ್ರಾಮಿಗೆ ಹಾಕಿದ ದಿನ ಊರಿನ ಹುಡುಗರಿಂದ ಹಿಡಿದು ಆಫೀಸಿನ ಮ್ಯಾನೇಜರ್‌ವರೆಗೆ ಎಲ್ಲರೂ ಲೈಕ್ ಒತ್ತಿದ್ರು.

ವಿಡಿಯೋದಲ್ಲಿ ಕಾಣದ ಎರಡು ಸಂಗತಿ ಹೇಳ್ತೀನಿ. ಒಂದು, ನನ್ನ ಬೆನ್ನ ಹಿಂದೆ ಒಬ್ಬ ಮನುಷ್ಯ ಇದ್ದ. ಬೆಕ್ಕು ತನ್ನ ಮರಿಯನ್ನು ಕಚ್ಚಿಕೊಂಡು ಹೋಗುವ ಹಾಗೆ ನನ್ನ ಸಿಲಿಂಡರಿನ ಕುತ್ತಿಗೆ ಹಿಡಿದು ಅತ್ತಿಂದಿತ್ತ ತೇಲಿಸುತ್ತಿದ್ದವನು ಅವನೇ. ಎರಡು, ಡೈವಿಂಗಿನವರ ಕೈಭಾಷೆಯಲ್ಲಿ ಹೆಬ್ಬೆರಳು ಎತ್ತಿದರೆ ‘ಚೆನ್ನಾಗಿದೆ’ ಅಂತ ಅರ್ಥ ಅಲ್ಲ. ‘ಮೇಲೆ ಹೋಗೋಣ’ ಅಂತ. ಚೆನ್ನಾಗಿದೆ ಅನ್ನೋಕೆ ತೋರುಬೆರಳನ್ನೂ ಹೆಬ್ಬೆರಳನ್ನೂ ಕೂಡಿಸಿ ಸೊನ್ನೆ ಮಾಡಬೇಕು. ನಾನು ಖುಷಿಯಿಂದ ಹೆಬ್ಬೆರಳು ಎತ್ತಿದೆ, ಅವನು ಪಾಪ ನನ್ನನ್ನು ಮೇಲಕ್ಕೆ ಕರ್ಕೊಂಡು ಬಂದ. ವಿಡಿಯೋ ಅಷ್ಟಕ್ಕೇ ಮುಗಿದದ್ದು ಅದಕ್ಕೇ.

ಇದನ್ನು ನಾವು ‘ಸ್ಕೂಬಾ ಮಾಡಿದೆ’ ಅಂತೀವಿ. ಗೋಕರ್ಣ ಮಾಡಿದೆ, ಕೊಡಗು ಮಾಡಿದೆ, ಸ್ಕೂಬಾ ಮಾಡಿದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಟಿಟಿ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಬೆಳಗ್ಗೆ ಮುರ್ಡೇಶ್ವರ ಸೇರುತ್ತೆ. 123 ಅಡಿ ಶಿವನಿಗೆ ಕೈ ಮುಗಿದು, ಆಸ್ತಮಾ ಇದೆಯಾ ಕಿವಿ ನೋವಿದೆಯಾ ಅಂತ ಕೇಳುವ ಫಾರಮ್ಮಿಗೆ ಓದದೆ ಸಹಿ ಹಾಕಿ ದೋಣಿ ಹತ್ತುತ್ತೀವಿ. ಸಾಫ್ಟ್‌ವೇರಿನವರಲ್ವಾ, ಓದದೆ ‘ಐ ಅಗ್ರೀ’ ಒತ್ತಿ ಅಭ್ಯಾಸ. ಮುಂದೆ ಗಂಟೆಗೂ ಮೀರಿದ ದಾರಿ. ಅರ್ಧ ಜನ ವಾಂತಿ ಮಾಡ್ತಿರ್ತಾರೆ, ಅದರ ನಡುವೆಯೇ ಹತ್ತು ನಿಮಿಷದ ಪಾಠ. ನನಗೆ ಕೈಸನ್ನೆ ಗೊತ್ತಾಗದೇ ಹೋದದ್ದು ಆ ಹತ್ತು ನಿಮಿಷದಲ್ಲಿ ನಾನು ದೋಣಿಯ ಅಂಚಿಗೆ ತಲೆ ಕೊಟ್ಟು ಕೂತಿದ್ದರಿಂದ.

ಈ ಟಿಟಿ ಹತ್ತಿಸುವುದರಲ್ಲಿ ಸಿನಿಮಾದ ಪಾಲು ದೊಡ್ಡದು. ನಮ್ಮ ತಲೆಮಾರಿನವರಿಗೆ ಅದು 2011ರ ‘ಜಿಂದಗಿ ನಾ ಮಿಲೇಗಿ ದೋಬಾರಾ’. ಹಾಸನದಲ್ಲಿ ಬಿಇ ಓದುವಾಗ ನಾಲ್ಕು ಜನ ಗೆಳೆಯರು ಒಂದು ಲ್ಯಾಪ್‌ಟಾಪಿಗೆ ಮುತ್ತಿಕೊಂಡು ನೋಡಿದ್ವಿ. ಈಜು ಬರದ, ನೀರಿಗೆ ಹೆದರುವ ಅರ್ಜುನ್ ಸ್ಪೇನಿನ ಕಡಲಿಗೆ ಇಳೀತಾನೆ. ಮೇಲೆ ಬಂದಾಗ ಕಣ್ಣಲ್ಲಿ ನೀರು, ಮನುಷ್ಯನೇ ಬೇರೆ. ಆಮೇಲೆ ನಮ್ಮದೇ ಅನ್ನುವಂಥದ್ದು ಬಂತು. 2022ರ ಅಕ್ಟೋಬರ್ 28ಕ್ಕೆ ತೆರೆಕಂಡ, ಅಮೋಘವರ್ಷ ನಿರ್ದೇಶನದ ‘ಗಂಧದ ಗುಡಿ’. ಅದರಲ್ಲಿ ಪುನೀತ್ ರಾಜ್‌ಕುಮಾರ್ ಇಳಿಯುವುದು ಇದೇ ನೇತ್ರಾಣಿಯಲ್ಲಿ. ಅಪ್ಪು ಹೋಗಿ ಒಂದು ವರ್ಷ ತುಂಬಲು ಒಂದು ದಿನ ಬಾಕಿ ಇತ್ತು. ಅವರು ನೀರಿನೊಳಗೆ ಕಂಡಾಗ ಥಿಯೇಟರಿನಲ್ಲಿ ಪಕ್ಕದ ಸೀಟಿನ ಹಿರಿಯರು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ಸುಳ್ಳು ಹೇಳಲ್ಲ.

ಎರಡರಲ್ಲಿ ನನಗೆ ‘ಗಂಧದ ಗುಡಿ’ ಹೆಚ್ಚು. ಅಲ್ಲಿರುವುದು ಪಾತ್ರವಲ್ಲ, ಅಪ್ಪು ಅಪ್ಪುವಾಗಿಯೇ ಬರ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹಿಂದೆ ಹೋಗಿ ನೋಡುವ ಅತಿಥಿ. ನಾಯಕ ನಟನೊಬ್ಬ ಅಷ್ಟು ಹೊತ್ತು ಬರೀ ಬೆರಗಾಗಿ ನಿಲ್ಲೋದು ಕಮ್ಮಿ ಮಾತಲ್ಲ. ಆದರೂ ನನ್ನ ತಕರಾರು ಎರಡು ಸಿನಿಮಾಗೂ ಒಂದೇ. ಎರಡೂ ಕಲಿಕೆಯನ್ನು ಕತ್ತರಿಸಿ ಎಸೆದಿವೆ. ಹೆದರಿಕೆ ಇದೆ, ಆಮೇಲೆ ಬೆರಗು ಇದೆ, ನಡುವಿನದ್ದು ಇಲ್ಲ. ಇನ್ನೊಂದು, ನೀರಿನೊಳಗೆ ಹೋದ ಕೂಡಲೇ ಸಂಗೀತ ಶುರುವಾಗುತ್ತೆ. ನಿಜವಾದ ನೀರಿನೊಳಗೆ ಕೇಳುವುದು ಮುಖ್ಯವಾಗಿ ಒಂದೇ ಸದ್ದು, ನಿಮ್ಮದೇ ಉಸಿರು. ಎಳೆದುಕೊಂಡಾಗ ಸುಯ್ ಅಂತ, ಬಿಟ್ಟಾಗ ಗುಳುಗುಳು ಅಂತ. ಆ ಸದ್ದು ನಿಂತರೆ ಏನೋ ತಪ್ಪಾಗಿದೆ ಅಂತ ಅರ್ಥ. ಸಿನಿಮಾ ಅದನ್ನೇ ಅಳಿಸಿ ವಯಲಿನ್ ಹಾಕುತ್ತೆ. ನನ್ನ ಒಂದೂವರೆ ನಿಮಿಷದ ವಿಡಿಯೋ ಕೂಡ ಅದನ್ನೇ ಕಾಪಿ ಹೊಡೆದಿದೆ.

ಇಷ್ಟಕ್ಕೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ವಿಡಿಯೋ ಹಾಕಿದ ಮುಂದಿನ ವಾರ ಊರಿಗೆ ಹೋದೆ. ನಮ್ಮೂರು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ. ಒಂದು ಕಡೆ ಹೇಮಾವತಿ, ಇನ್ನೊಂದು ಕಡೆ ಕೊಣನೂರು ರಾಮನಾಥಪುರದಲ್ಲಿ ಕಾವೇರಿ. ನಡುವೆ ಗೊರೂರು ಡ್ಯಾಮಿನ ನಾಲೆ. ದೊಡ್ಡಪ್ಪ ಯಾರದ್ದೋ ಮೊಬೈಲಿನಲ್ಲಿ ನನ್ನ ವಿಡಿಯೋ ನೋಡಿದ್ದರು. ಜಗಲಿ ಮೇಲೆ ಕೂತು ತುಂಬ ಹೊತ್ತು ಸುಮ್ಮನಿದ್ದು ಕೇಳಿದರು: “ಅಲ್ಲ ಮಗ, ನೀರೊಳಗೆ ಉಸ್ರಾಡೋದು ನಿಂಗೆ ಯಾರ್ ಕಲ್ಸುದ್ರು?”

ನನಗೆ ಉತ್ತರ ಬರಲಿಲ್ಲ. ಯಾರೂ ಕಲಿಸಿರಲಿಲ್ಲ. ನಾನೇನೂ ಕಲಿತಿರಲಿಲ್ಲ.

ದೊಡ್ಡಪ್ಪ ಸುಮ್ಮಸುಮ್ಮನೆ ಕೇಳಿದ್ದಲ್ಲ. ಅವರ ಮಗ, ನನಗಿಂತ ಎರಡು ವರ್ಷ ದೊಡ್ಡವನು, ನಾಲೆಗೆ ಹೋದವನು ವಾಪಸ್ ಬರಲಿಲ್ಲ. ಆಗ ನನಗೆ ಹನ್ನೆರಡು. ನಾಲೆಗೆ ಹೊಸದಾಗಿ ನೀರು ಬಿಟ್ಟಿದ್ದರು, ಹುಡುಗರೆಲ್ಲ ತೂಬಿನ ಕಟ್ಟೆ ಮೇಲೆ ಸೇರಿದ್ವಿ. ನಮ್ಮಲ್ಲೆಲ್ಲ ಜಾಸ್ತಿ ಹೊತ್ತು ಉಸಿರು ಕಟ್ಟುತ್ತಿದ್ದವನು ಅವನೇ. ಬಾವಿಯಲ್ಲಿ ಮುಳುಗಿದರೆ ನಾವು ಎಪ್ಪತ್ತು ಎಂಬತ್ತರವರೆಗೆ ಎಣಿಸುತ್ತಿದ್ವಿ. ಆವತ್ತೂ ಎಣಿಸಿದ್ವಿ. ಸಿಕ್ಕಿದ್ದು ಎರಡು ದಿನ ಬಿಟ್ಟು ಮುಂದಿನ ಗೇಟಿನ ಹತ್ತಿರ.

ಬಾವಿಗೆ ಮೆಟ್ಟಿಲಿತ್ತು. ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ನಿಲ್ಲುವ ತಾತ ಇದ್ದರು. ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಬಿಟ್ಟರೆ ಒಂದು ಬೇಸಿಗೆಯಲ್ಲಿ ಕೈಕಾಲು ಆಡಿಸೋದು ಬಂದುಬಿಡುತ್ತಿತ್ತು. ಯೋಚಿಸಿದರೆ ಅದೊಂದು ಸ್ಕೂಲೇ. ಬೋರ್‌ವೆಲ್‌ಗಳು ಬಂದ ಮೇಲೆ ಬಾವಿಗಳು ಬತ್ತಿದವು, ಕೆಲವನ್ನು ಮುಚ್ಚಿದರು. ಸ್ಕೂಲು ಹೋಯ್ತು, ನಾಲೆ ಮಾತ್ರ ಉಳೀತು. ನಾಲೆಗೆ ಮೆಟ್ಟಿಲಿಲ್ಲ, ನುಣ್ಣನೆ ಇಳಿಜಾರು ಗೋಡೆ, ಹಿಡಿಯಲು ಏನೂ ಸಿಗಲ್ಲ, ಕೆಳಗೆ ಸೆಳೆತ. ಈಗ ಕೃಷಿ ಹೊಂಡಗಳು ಬಂದಿವೆ. ಅವುಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ಜಾರು. ನಮ್ಮ ಕಡೆ ನೀರು ಅಂದ್ರೆ ನೋಡಿ ಬೆರಗಾಗುವ ವಸ್ತು ಅಲ್ಲ. ಗೊರೂರಿನ ಹಿನ್ನೀರಿಗೆ ಊರೂರುಗಳೇ ಹೋಗಿವೆ. ಮಳೆಗಾಲದಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿ ಚರ್ಚಿನ ಮುಂದೆ ನಿಂತು ನಾವು ಫೋಟೋ ತೆಗೆಸಿಕೊಳ್ತೀವಿ, ಅದರ ಸುತ್ತ ಇದ್ದ ಊರಿನವರು ಬೇರೆ ಕಡೆ ಹೋಗಿ ಮನೆ ಕಟ್ಟಿಕೊಳ್ಳಬೇಕಾಯ್ತು.

ದೊಡ್ಡಪ್ಪನ ಪ್ರಶ್ನೆ ಹೊತ್ತುಕೊಂಡೇ ಬೆಂಗಳೂರಿಗೆ ಬಂದೆ. ಒಂದು ಸಣ್ಣ ಡೈವ್ ಶಾಪಿಗೆ ಹೋಗಿ ‘ಓಪನ್ ವಾಟರ್’ ಕೋರ್ಸಿಗೆ ಸೇರಿದೆ. ವೀಕೆಂಡ್ ಡೈವಿನ ಸುಮಾರು ಐದು ಪಟ್ಟು ದುಡ್ಡು. ಮೊದಲ ಆಘಾತ, ಅವರು ಕಡಲಿಗೆ ಕರ್ಕೊಂಡೇ ಹೋಗಲ್ಲ. ಮೊದಲು ಈಜುಕೊಳ. ನಿಲ್ಲದೆ 200 ಮೀಟರ್ ಈಜಬೇಕು, ಎಷ್ಟು ಹೊತ್ತಾದರೂ ಪರವಾಗಿಲ್ಲ. ಏನನ್ನೂ ಹಿಡಿಯದೆ 10 ನಿಮಿಷ ತೇಲಬೇಕು. ಬಾವಿಯಲ್ಲಿ ಕಲಿತದ್ದು ಮರೆತೇಹೋಗಿತ್ತು, ಅದಕ್ಕೇ ಎರಡು ತಿಂಗಳು ಹಿಡೀತು.

ಆಮೇಲೆ ಮೊದಲ ನಿಯಮ ಹೇಳಿಕೊಟ್ಟರು. ಉಸಿರು ಕಟ್ಟಬಾರದು. ಯಾವ ಕಾರಣಕ್ಕೂ ಕಟ್ಟಬಾರದು.

ನಾನು ಅಲ್ಲೇ ಕೂತುಬಿಟ್ಟೆ. ನಮ್ಮೂರಿನಲ್ಲಿ ಉಸಿರು ಕಟ್ಟುವವನೇ ಹೀರೋ. ಇಲ್ಲಿ ಅದು ಮೊದಲ ತಪ್ಪು. ಲೆಕ್ಕ ಸರಳ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ದರ ಎರಡರಷ್ಟು. ಅಲ್ಲಿ ಸಿಲಿಂಡರಿನಿಂದ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತೆ. ಬಾಯಿ ಬಿಗಿಹಿಡಿದರೆ ಹರಿಯುವುದು ಶ್ವಾಸಕೋಶ. ಪಿಯುಸಿಯಲ್ಲಿ ಬಾಯ್ಲನ ನಿಯಮ ಅಂತ ಐದು ಮಾರ್ಕಿಗೆ ಬರೆದದ್ದು ಇದೇ. ಮೈಗೆ ಯಾರೂ ಅಂಟಿಸಿರಲಿಲ್ಲ.

ಎರಡನೆಯದ್ದು ಮಾಸ್ಕಿನೊಳಗೆ ನೀರು ತುಂಬಿಸಿಕೊಂಡು ಖಾಲಿ ಮಾಡುವ ಪಾಠ. ತಲೆ ಸ್ವಲ್ಪ ಮೇಲೆತ್ತಿ, ಮಾಸ್ಕಿನ ಮೇಲಂಚು ಒತ್ತಿ, ಮೂಗಿನಿಂದ ಉಸಿರು ಬಿಡಬೇಕು. ಅಷ್ಟೇ. ನಾನು ಮೂರು ಸಲ ಗಾಬರಿಯಾಗಿ ಎದ್ದು ನಿಂತೆ. ಆಳ ಬರೀ ಎದೆಮಟ್ಟ! ಮೂಗಿಗೆ ನೀರು ತಾಗಿದ ಕೂಡಲೇ ತೂಬಿನ ಕಟ್ಟೆ ಮೇಲೆ ನಿಂತು ಎಣಿಸುತ್ತಿದ್ದ ಹುಡುಗನಾಗಿಬಿಡುತ್ತಿದ್ದೆ. ಇನ್‌ಸ್ಟ್ರಕ್ಟರ್ ನನಗಿಂತ ಐದಾರು ವರ್ಷ ಚಿಕ್ಕ ಹುಡುಗಿ. ಗದರಲಿಲ್ಲ, ಹುರಿದುಂಬಿಸಲೂ ಇಲ್ಲ. “ಇವತ್ತು ಸಾಕು ಸರ್, ಮುಂದಿನ ಭಾನುವಾರ ಬನ್ನಿ” ಅಂದಳು. ಕೋಪ ಬಂತು ನನಗೆ. ಇಷ್ಟು ದುಡ್ಡು ಕೊಟ್ಟು ವಾಪಸ್ ಕಳಿಸೋದಾ? ಮುಂದಿನ ಭಾನುವಾರವೂ ಆಗಲಿಲ್ಲ. ಅದರ ಮುಂದಿನ ಭಾನುವಾರ ಆಯ್ತು.

ಈಗ ಯಾರಾದರೂ ಯಾವ ಡೈವ್ ಶಾಪ್ ಒಳ್ಳೇದು ಅಂತ ಕೇಳಿದರೆ ಫೈವ್ ಸ್ಟಾರ್ ರೇಟಿಂಗ್, ಗೋಪ್ರೋ ವಿಡಿಯೋ ಇದ್ಯಾವುದನ್ನೂ ಹೇಳಲ್ಲ. ‘ಇವತ್ತು ಬೇಡ’ ಅನ್ನುವ ಧೈರ್ಯ ಇರುವ ಅಂಗಡಿ ಹುಡುಕಿ ಅಂತೀನಿ. ನೀವು ಫಾರಂ ಓದದೆ ಸಹಿ ಹಾಕಿದರೆ ವಾಪಸ್ ಕೊಟ್ಟು ಓದಿ ಅನ್ನಬೇಕು. ಕೈಸನ್ನೆಗಳನ್ನು ದಡದಲ್ಲೇ ಹೇಳಿಕೊಟ್ಟು ನಿಮ್ಮ ಕೈಲಿ ಮಾಡಿಸಬೇಕು.

ಹಾಗಂತ ವೀಕೆಂಡ್ ಡೈವ್ ಕೆಟ್ಟದ್ದು ಅನ್ನಲಾರೆ. ಅದಕ್ಕೂ ಗರಿಷ್ಠ 12 ಮೀಟರ್ ಅಂತ ಮಿತಿ ಇದೆ, ಹಿಡಿದುಕೊಳ್ಳಲು ಒಬ್ಬರಿದ್ದಾರೆ. ನಮ್ಮ ಟೀಮಿನಲ್ಲಿ ಅಲ್ಲಿಯವರೆಗೆ ಕಡಲನ್ನೇ ನೋಡದ ಹುಡುಗಿಯೊಬ್ಬಳಿದ್ದಳು. ದೋಣಿಗೆ ವಾಪಸ್ ಹತ್ತಿದಾಗ ಅವಳ ಮುಖ ನೋಡಬೇಕಿತ್ತು. ಆ ಖುಷಿ ಸುಳ್ಳಲ್ಲ. ಜಾತ್ರೆಯಲ್ಲಿ ಕುದುರೆ ಮೇಲೆ ಕೂರಿಸಿ ಒಂದು ಸುತ್ತು ಹಾಕಿಸ್ತಾರಲ್ಲ, ಅದರ ಖುಷಿಯೂ ಸುಳ್ಳಲ್ಲ. ಇಳಿದ ಮೇಲೆ ಕುದುರೆ ಸವಾರಿ ಬರುತ್ತೆ ಅನ್ನಬಾರದು, ಅಷ್ಟೇ.

ಕೋರ್ಸಿನ ಕೊನೆಗೆ ಮತ್ತೆ ನೇತ್ರಾಣಿ. ಕಡಲಿನಲ್ಲಿ 4 ಡೈವ್, ಗರಿಷ್ಠ 18 ಮೀಟರ್. ಈ ಸಲ ಬೆನ್ನ ಹಿಂದೆ ಯಾರೂ ಇರಲಿಲ್ಲ. ನೋಡಿದ ಮೀನುಗಳು ಹಳೆಯವೇ, ಬಂಡೆಗಳೂ ಅವೇ. ವ್ಯತ್ಯಾಸ ಒಂದೇ, ನನ್ನ ಉಸಿರು ನನಗೆ ಕೇಳ್ತಿತ್ತು. ಕೊನೆಯ ಡೈವಿನಲ್ಲಿ ಇನ್‌ಸ್ಟ್ರಕ್ಟರ್ ಕಡೆ ತಿರುಗಿ ನಾನೇ ಹೆಬ್ಬೆರಳು ಎತ್ತಿದೆ. ಅವಳೂ ಎತ್ತಿದಳು. ನಿಧಾನಕ್ಕೆ ಬಂದು 5 ಮೀಟರಿನಲ್ಲಿ 3 ನಿಮಿಷ ನಿಂತು, ಆಮೇಲೆ ಮೇಲೆ. ವಿಡಿಯೋ ತೆಗೆಸಲಿಲ್ಲ.

ಅಕ್ಕನ ಮನೆ ಚನ್ನರಾಯಪಟ್ಟಣದ ಕಡೆ. ಅವರ ತೋಟದ ಪಕ್ಕದಲ್ಲೇ ನಾಲೆ. ಇಬ್ಬರು ಮಕ್ಕಳು, ಈಜು ಬರಲ್ಲ. ಈಗ ತಿಂಗಳಿಗೆ ಎರಡು ಭಾನುವಾರ ಅವರನ್ನು ಹಾಸನದ ಒಂದು ಈಜುಕೊಳಕ್ಕೆ ಕರ್ಕೊಂಡು ಹೋಗ್ತೀನಿ. ಡೈವಿಂಗ್ ಅಲ್ಲ, ಬರೀ ತೇಲೋದು. ದೊಡ್ಡವಳು ಆರು ನಿಮಿಷದವರೆಗೆ ಬಂದಿದ್ದಾಳೆ. ಚಿಕ್ಕವನಿಗೆ ಉಸಿರು ಕಟ್ಟುವ ಪಂದ್ಯ ಆಡಬೇಕಂತೆ. “ಮಾವ, ಎಣಿಸು” ಅಂತಾನೆ. ಎಣಿಸಲ್ಲ ಕಣೋ ಅಂತೀನಿ. ಕಳೆದ ಸಲ ದೊಡ್ಡಪ್ಪನೂ ಜೊತೆಗೆ ಬಂದಿದ್ದರು. ಪಂಚೆ ಎತ್ತಿ ಕಟ್ಟಿಕೊಂಡು, ಕೊಳದ ಅಂಚಿನ ಕುರ್ಚಿಯಲ್ಲಿ ಪೂರ್ತಿ ಒಂದು ಗಂಟೆ ಕೂತಿದ್ದರು, ಹುಡುಗರ ಮೇಲಿಂದ ಕಣ್ಣು ತೆಗೆಯದೆ.